ಕಾರಿಗೆ ವಂಶಾವಳಿ, ಕೈಗೆ ಹೆಸರಿಲ್ಲ

ಹಳೆಯ ಕಾರುಗಳ ಮೆರವಣಿಗೆ ನಡೆದ ಮರುದಿನ ಪತ್ರಿಕೆಗಳನ್ನು ತೆರೆದು ನೋಡಿ. ಮಿರಿಮಿರಿ ಮಿಂಚುವ ಕಾರಿನ ಚಿತ್ರವಿರುತ್ತದೆ. ಪಕ್ಕದಲ್ಲಿ ಪೇಟ ಸುತ್ತಿದ ಮಾಲೀಕರು ನಿಂತಿರುತ್ತಾರೆ. ಕಾರು ಯಾವ ಇಸವಿಯದು, ಮೊದಲು ಯಾವ ಮಹಾರಾಜರ ಲಾಯದಲ್ಲಿತ್ತು, ಅಲ್ಲಿಂದ ಯಾವ ಜಮೀನುದಾರರ ಮನೆ ಸೇರಿತು ಎಂಬ ವಂಶಾವಳಿಯೂ ಇರುತ್ತದೆ. ಕೊನೆಗೆ ತಪ್ಪದೇ ಬರುವ ವಾಕ್ಯವೊಂದಿದೆ: ಇವರು ವರ್ಷಗಟ್ಟಲೆ ಶ್ರಮಿಸಿ ಈ ಕಾರಿಗೆ ಮರುಜೀವ ಕೊಟ್ಟಿದ್ದಾರೆ. ಈ 'ಇವರು' ಯಾರು? ಮಾಲೀಕರು. ತಗಡು ಬಡಿದವನು, ಬೇರಿಂಗ್ ಸುರಿದವನು, ಗುಜರಿಯ ರಾಶಿಯಲ್ಲಿ ಬಗ್ಗಿ ಲೂಕಾಸ್ ದೀಪದ ಜೋಡಿಯನ್ನು ಹುಡುಕಿ ತಂದವನು ಈ ವಾಕ್ಯದಲ್ಲಿಲ್ಲ. ಹಣ ಕೊಟ್ಟವರ ಶ್ರಮ ಮಾತ್ರ ಶ್ರಮ. ಮೈಗೆ ಗ್ರೀಸ್ ಮೆತ್ತಿಕೊಂಡವನದು ಕೂಲಿ!

ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕುವವರಿಗೆ ಒಂದು ಹಳೆಯ ಸಂಗತಿಯನ್ನು ನೆನಪಿಸಬೇಕು. ಎರಡನೇ ಮಹಾಯುದ್ಧದವರೆಗೆ ರೋಲ್ಸ್‌ರಾಯ್ಸ್ ಕಂಪನಿ ಮಾರುತ್ತಿದ್ದುದು ಇಡೀ ಕಾರನ್ನಲ್ಲ, ಎಂಜಿನ್ ಕೂರಿಸಿದ ಚಾಸಿಯನ್ನು ಮಾತ್ರ. ಅದರ ಮೇಲಿನ ಮೈಯನ್ನು ಕಟ್ಟುತ್ತಿದ್ದವರು ಬಾರ್ಕರ್, ಹೂಪರ್‌ನಂತಹ ಬೇರೆ ಕಾರ್ಖಾನೆಯವರು. ಇವರಲ್ಲಿ ಹಲವರು ಹಿಂದೆ ಕುದುರೆ ಸಾರೋಟು ಕಟ್ಟುತ್ತಿದ್ದವರೇ. ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿರುವ ಹಳದಿ ಬಣ್ಣದ ರೋಲ್ಸ್‌ರಾಯ್ಸ್ ಸಿಲ್ವರ್ ಘೋಸ್ಟ್ ಇಂಥದ್ದೊಂದು ಕಾರು. ಅದನ್ನು ಮಾಡಿಸಲು ಹೇಳಿದ್ದ ಆರನೆಯ ನಿಜಾಮ ಮೆಹಬೂಬ್ ಅಲಿ ಖಾನ್ 1911ರಲ್ಲಿ ತೀರಿಕೊಂಡರು. ಕಾರು ಬಂದು ಸೇರಿದ್ದು ಮಗ ಉಸ್ಮಾನ್ ಅಲಿ ಖಾನರಿಗೆ. ಇಂತಹ ಕಾರುಗಳ ಮೈ ಕಟ್ಟಿದವರು ಬಾಗಿಲ ಹೊಸ್ತಿಲ ಮೇಲೆ ತಮ್ಮ ಹೆಸರಿನ ಪುಟ್ಟ ಲೋಹದ ಪಟ್ಟಿಯನ್ನು ಕೂರಿಸುತ್ತಿದ್ದರು. ನವಾಬನೇ ಹತ್ತಲಿ, ವೈಸರಾಯನೇ ಹತ್ತಲಿ, ಕಸುಬುದಾರನ ಹೆಸರನ್ನು ದಾಟಿಯೇ ಒಳಗೆ ಕೂರಬೇಕಾಗಿತ್ತು. ರಾಜಪ್ರಭುತ್ವದ ಕಾಲದಲ್ಲಿ ಸಿಗುತ್ತಿದ್ದ ಈ ಮರ್ಯಾದೆ ಪ್ರಜಾಪ್ರಭುತ್ವದ ಕಾಲದಲ್ಲಿ ಏಕೆ ಸಿಗುತ್ತಿಲ್ಲ?

ಇದಕ್ಕೆ ಒಂದು ಕಾರಣ, 'ಒರಿಜಿನಲ್' ಎಂಬ ಶಬ್ದದ ಸುತ್ತ ನಾವು ಕಟ್ಟಿಕೊಂಡಿರುವ ಮೌಢ್ಯ. ಬಿಡಿಭಾಗ ಬರ್ಮಿಂಗ್‌ಹ್ಯಾಮಿನಿಂದ ಬಂದರೆ ಅಸಲಿ, ಕಲಾಸಿಪಾಳ್ಯದ ಲೇತ್ ಮೇಲೆ ತಯಾರಾದರೆ ನಕಲಿ. ಇಂಗ್ಲೆಂಡಿನ ಧೂಳು ಅಂಟಿದ ಪುರ್ಜಾ ಶುದ್ಧ, ನಮ್ಮ ಮಿಸ್ತ್ರಿಯ ಬೆವರು ಅಂಟಿದ್ದು ಮೈಲಿಗೆ. ಜಾತಿಯ ಮಡಿ ಕಬ್ಬಿಣವನ್ನೂ ಬಿಡಲಿಲ್ಲವೇ?

ಈ ಶುದ್ಧತೆಯ ವಾದ ಕಾರಿನ ಎದುರಿಗೇ ನಿಲ್ಲುವುದಿಲ್ಲ. ಮಾರಿಸ್ ಕಂಪನಿಯ ಹಳೆಯ ಎಂಜಿನ್ನಿನ ಬೋಲ್ಟೊಂದನ್ನು ಕೈಗೆತ್ತಿಕೊಳ್ಳಿ. ಅದರ ತಲೆಗೆ ಇಂಗ್ಲಿಷರ ವಿಟ್‌ವರ್ತ್ ಅಳತೆಯ ಸ್ಪ್ಯಾನರ್ ಹಿಡಿಯುತ್ತದೆ. ತ್ರೆಡ್ ಮಾತ್ರ ಫ್ರೆಂಚರ ಮೆಟ್ರಿಕ್ ಅಳತೆಯದು. ಮಾರಿಸ್‌ಗೆ ಎಂಜಿನ್ ಮಾಡಿಕೊಡುತ್ತಿದ್ದುದು ಹಾಚ್‌ಕಿಸ್ ಎಂಬ ಫ್ರೆಂಚ್ ಕಂಪನಿಯ ಕೊವೆಂಟ್ರಿ ಶಾಖೆ. 1923ರಲ್ಲಿ ಮಾರಿಸ್ ಆ ಕಾರ್ಖಾನೆಯನ್ನೇ ಕೊಂಡುಕೊಂಡಿತು. ಅಲ್ಲಿನ ಫ್ರೆಂಚ್ ತ್ರೆಡ್ ಮಾತ್ರ ದಶಕಗಟ್ಟಲೆ ಹಾಗೆಯೇ ಮುಂದುವರಿಯಿತು. ನಮ್ಮ ಹಿಂದುಸ್ತಾನ್ ಟೆನ್ ಮತ್ತು ಅಂಬಾಸಿಡರ್ ಕೂಡ ಮಾರಿಸ್ ಮನೆತನದ ಕೂಸುಗಳೇ. ಹೇಳಿ, ಯಾವುದು ಶುದ್ಧ ಇಂಗ್ಲಿಷ್? ಯಾವುದು ಶುದ್ಧ ಹಿಂದುಸ್ತಾನಿ? ಸಂಸ್ಕೃತಿಯಲ್ಲಿ ಶುದ್ಧ ರಕ್ತ ಹುಡುಕುವವರು ಮೊದಲು ಒಂದು ಬೋಲ್ಟನ್ನು ಬಿಚ್ಚಿ ನೋಡುವುದು ಒಳ್ಳೆಯದು.

ಈ ಬೋಲ್ಟಿನ ಗುಟ್ಟು ಗೊತ್ತಿರುವುದು ಯಾರಿಗೆ? ಉರ್ದು ಮಾತಾಡುವ ಮಿಸ್ತ್ರಿಗಳು ತ್ರೆಡ್ಡಿಗೆ 'ಚೂಡಿ' ಎನ್ನುತ್ತಾರೆ, ಅಂದರೆ ಬಳೆ. ಆ ಎಂಜಿನ್‌ಗಳ ಎಂಟು ಮಿಲಿಮೀಟರ್ ಬೋಲ್ಟಿಗೆ ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗೆ 1 ಮಿಲಿಮೀಟರ್ ಅಂತರ. ಇಂದು ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಎಂಟರ ಬೋಲ್ಟಿಗೆ 1.25 ಮಿಲಿಮೀಟರ್. ಕಣ್ಣಿಗೆ ಎರಡೂ ಒಂದೇ. ಗೊತ್ತಿಲ್ಲದವನು ಬಲವಂತವಾಗಿ ತಿರುಗಿಸಿದರೆ ಬ್ಲಾಕಿನೊಳಗಿನ ಚೂಡಿಯೇ ಕಿತ್ತುಹೋಗುತ್ತದೆ. ಗೊತ್ತಿರುವವನು ಎರಡು ಸುತ್ತು ಬೆರಳಿನಲ್ಲೇ ತಿರುಗಿಸಿ, 'ಇದು ಇದರದ್ದಲ್ಲ' ಎಂದು ಪಕ್ಕಕ್ಕಿಡುತ್ತಾನೆ. ಈ ಬೆರಳಿನ ತಿಳಿವಳಿಕೆ ಒಬ್ಬ ಉಸ್ತಾದನಿಂದ ಒಬ್ಬ ಶಾಗಿರ್ದನಿಗೆ, ಬೈಗುಳ ಮತ್ತು ಚಹಾದ ಜೊತೆಯಲ್ಲಿ ಇಳಿದು ಬಂದದ್ದು.

ಇನ್ನು ಬೇರಿಂಗ್. ಆ ಕಾಲದ ಅನೇಕ ಎಂಜಿನ್‌ಗಳಲ್ಲಿ ಬೇರಿಂಗನ್ನು ಬೇರೆ ತಂದು ಕೂರಿಸುವಂತಿಲ್ಲ. ತವರ ಬೆರೆಸಿದ ವೈಟ್ ಮೆಟಲನ್ನು ಕರಗಿಸಿ ಕನೆಕ್ಟಿಂಗ್ ರಾಡಿನ ಮೇಲೇ ಸುರಿಯಬೇಕು. ಆರಿದ ಮೇಲೆ ಅಳತೆಗೆ ಕೊರೆದು, ಶಾಫ್ಟಿಗೆ ನೀಲಿ ಹಚ್ಚಿ ತಿರುಗಿಸಿ, ನೀಲಿ ಅಂಟಿದ ಉಬ್ಬುಗಳನ್ನಷ್ಟೇ ಕೈಯಿಂದ ಕೆರೆಯಬೇಕು. ಮತ್ತೆ ನೀಲಿ, ಮತ್ತೆ ಕೆರೆತ. ಜಗತ್ತಿನ ಯಾವ ಮಾರುಕಟ್ಟೆಯಲ್ಲಿ ಹುಡುಕಿದರೂ ಇದರ 'ಒರಿಜಿನಲ್' ಸಿಗದು, ಏಕೆಂದರೆ ಅದು ಪ್ರತಿ ಸಲವೂ ಯಾರದೋ ಕೈಯಲ್ಲಿ ಹೊಸದಾಗಿ ಹುಟ್ಟಬೇಕು. ಕಾರಿನ ಎದೆಬಡಿತವೇ ಹೀಗೆ ಕೂಲಿಯವನ ಕೈಯಿಂದ ಬಂದಿರುವಾಗ, ಹೊರಗಿನ ಬಿಲ್ಲೆಯೊಂದು ಇಂಗ್ಲೆಂಡಿನದೆಂದು ಬೀಗುವುದು ಎಂಥ ಜಾಣತನ?

ಈಗ ಗುಜರಿಯ ಮಾತು. ಬೆಂಗಳೂರಿನ ಶಿವಾಜಿನಗರ, ಚೆನ್ನೈನ ಪುದುಪೇಟೆ, ದೆಹಲಿಯ ಮಾಯಾಪುರಿ, ಮುಂಬೈಯ ಚೋರ್ ಬಜಾರ್, ಈ ಹೆಸರುಗಳನ್ನು ಕೇಳಿದರೆ ಸಭ್ಯರು ಮೂಗು ಮುರಿಯುತ್ತಾರೆ. ಅದು ಮೊದಲು 'ಶೋರ್ ಬಜಾರ್' ಆಗಿತ್ತು, ಗದ್ದಲದ ಪೇಟೆ ಬ್ರಿಟಿಷರ ಬಾಯಲ್ಲಿ ಕಳ್ಳರ ಪೇಟೆಯಾಯಿತು ಎಂದು ಮುಂಬೈಯವರು ಹೇಳುವುದುಂಟು. ನಿಜವೋ ಕಟ್ಟುಕಥೆಯೋ, ದುಡಿಯುವವರ ಸದ್ದನ್ನು ಕಳ್ಳತನವೆಂದು ಕೇಳಿಸಿಕೊಳ್ಳುವ ಕಿವಿ ಇಂದಿಗೂ ಇದೆ. ಕದ್ದ ವಾಹನ ಬಿಚ್ಚುವವರು ಈ ಪೇಟೆಗಳಲ್ಲಿ ಇಲ್ಲವೆಂದು ಯಾರೂ ವಾದಿಸಬೇಕಿಲ್ಲ. ಅವರನ್ನು ಹಿಡಿಯಲು ಕಾನೂನಿದೆ. ಆದರೆ ಮಾಲೀಕರೇ ಬೇಡವೆಂದು ತೂಕಕ್ಕೆ ಹಾಕಿದ ಕಾರುಗಳ ಗೇರ್ ಬಾಕ್ಸು, ಡೈನಮೊ, ಮೀಟರುಗಳನ್ನು 'ಎಂದಾದರೂ ಒಬ್ಬ ಕೇಳಿಕೊಂಡು ಬರುತ್ತಾನೆ' ಎಂದು ಕುಲುಮೆಗೆ ಕಳಿಸದೆ ಎತ್ತಿಟ್ಟವರು ಇದೇ ಗುಜರಿಯವರು. ಪ್ರೇಮಿಗಳ ಸಂಘಗಳು ಹುಟ್ಟುವ ಮುಂಚೆಯೇ ಪರಂಪರೆಯನ್ನು ಕಾಪಾಡಿದ್ದು ಅವರ ತಗಡಿನ ಶೆಡ್ಡು. ಅಲ್ಲಿಂದ ಅಗ್ಗಕ್ಕೆ ಕೊಂಡು, ಮೆರವಣಿಗೆಯ ದಿನ 'ಬಹಳ ಸಂಶೋಧನೆ ಮಾಡಿ ಪಡೆದೆ' ಎನ್ನುವುದು ಪ್ರಾಮಾಣಿಕತೆಯಲ್ಲ.

ಸರಕಾರವೇನೂ ಹಿಂದೆ ಬಿದ್ದಿಲ್ಲ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ಹಳೆಯ ವಾಹನಗಳಿಗಾಗಿ ಪ್ರತ್ಯೇಕ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಮೈ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆಯಾಗದೆ ಮೂಲರೂಪದಲ್ಲಿರುವ ವಾಹನಕ್ಕೆ 'ವಿಂಟೇಜ್' ಪಟ್ಟ, 'ವಿಎ' ಅಕ್ಷರಗಳಿರುವ ನಂಬರ್ ಪ್ಲೇಟು, 20,000 ರೂಪಾಯಿ ಶುಲ್ಕ, 10 ವರ್ಷದ ನೋಂದಣಿ. ಒಳ್ಳೆಯದೇ. ಆದರೆ ಮೂಲರೂಪದಲ್ಲಿ ಉಳಿಸುವ ಕೈಗೆ ಯಾವ ಪಟ್ಟ? 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ ಪಟ್ಟಿಯಲ್ಲಿ 18 ಕಸುಬುಗಳಿವೆ. ಬಡಗಿ, ಕಮ್ಮಾರ, ಬೀಗ ಮಾಡುವವ, ದೋಣಿ ಕಟ್ಟುವವ, ದರ್ಜಿ ಎಲ್ಲರೂ ಇದ್ದಾರೆ, ಇರಬೇಕಾದ್ದೇ. ಮೋಟಾರು ಮಿಸ್ತ್ರಿ ಇಲ್ಲ. ಕಬ್ಬಿಣಕ್ಕೆ ಐವತ್ತು ವರ್ಷವಾದರೆ ಪರಂಪರೆ, ಮನುಷ್ಯನ ಕಸುಬಿಗೆ ಮೂರು ತಲೆಮಾರಾದರೂ ಲೆಕ್ಕಕ್ಕಿಲ್ಲ!

ಬೇರೆಯವರನ್ನಷ್ಟೇ ದೂರಿ ಸುಮ್ಮನಾದರೆ ನ್ಯಾಯವಾಗದು. ಈ ಕಸುಬುದಾರರಲ್ಲಿ ದೊಡ್ಡ ಪಾಲು ಮುಸ್ಲಿಮರೆಂದು ಸಭೆಗಳಲ್ಲಿ ಹೆಮ್ಮೆ ಪಡುವ ನಮ್ಮ ಸಮುದಾಯದ ಹಿರಿಯರೇ, ಮಗಳಿಗೆ ಸಂಬಂಧ ಬಂದಾಗ 'ಹುಡುಗ ಮೆಕ್ಯಾನಿಕ್ಕಾ?' ಎಂದು ಮುಖ ಸಿಂಡರಿಸುವುದಿಲ್ಲವೇ? ಕೊಲ್ಲಿ ದೇಶದಲ್ಲಿ ಅದೇ ಸ್ಪ್ಯಾನರ್ ಹಿಡಿದರೆ ಮರ್ಯಾದೆ, ಊರಿನಲ್ಲಿ ಹಿಡಿದರೆ ನಾಚಿಕೆ. ಪವಿತ್ರ ಕುರ್‌ಆನಿನ ಒಂದು ಅಧ್ಯಾಯದ ಹೆಸರೇ 'ಅಲ್ ಹದೀದ್', ಎಂದರೆ ಕಬ್ಬಿಣ. ಅಲ್ಲಾಹನು ಪ್ರವಾದಿ ದಾವೂದ್(ಅ)ರಿಗೆ ಕಬ್ಬಿಣವನ್ನು ಮೃದುಗೊಳಿಸಿಕೊಟ್ಟು ಕವಚ ಹೆಣೆಯಲು ಹೇಳಿದ ಪ್ರಸಂಗವನ್ನು ನಮ್ಮ ಖತೀಬರು ಎಷ್ಟು ಸಲ ಹೇಳಿಲ್ಲ? ಪ್ರವಾದಿಯೊಬ್ಬರ ಕಸುಬು ಮಿಂಬರಿನ ಮೇಲೆ ಶ್ರೇಷ್ಠ, ಗ್ಯಾರೇಜಿನಲ್ಲಿ ಕನಿಷ್ಠ ಎಂಬುದು ಯಾವ ನ್ಯಾಯ?

ಕನ್ನಡ ನಾಡು ಇದಕ್ಕೆ ಎಂದೋ ಉತ್ತರ ಕೊಟ್ಟಿದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ. ಹನ್ನೆರಡನೆಯ ಶತಮಾನದ ಶರಣರು ಕಸುಬನ್ನು ಬಚ್ಚಿಡಲಿಲ್ಲ, ಹೆಸರಿನ ಮುಂದೆಯೇ ಹೊತ್ತು ನಡೆದರು. ಆ ಶರಣರ ನಾಡಿನಲ್ಲಿ ಕೆಲಸ ಉಳಿದು ಕೆಲಸಗಾರನ ಹೆಸರು ಅಳಿಸಿಹೋಗುವುದು ನಮಗೆಲ್ಲ ಅವಮಾನ.

'ದುಡ್ಡು ಕೊಟ್ಟಿದ್ದೇವಲ್ಲ, ಇನ್ನೇನು?' ಎಂದು ಕೇಳುವವರಿದ್ದಾರೆ. ಚಿತ್ರಕಾರನಿಗೂ ದುಡ್ಡು ಕೊಡುತ್ತೀರಿ. ಚಿತ್ರದ ಮೂಲೆಯ ಸಹಿಯನ್ನು ಒರೆಸುತ್ತೀರಾ? 'ಅವರೇ ಕೇಳುವುದಿಲ್ಲ' ಎನ್ನುವವರೂ ಇದ್ದಾರೆ. ಕೇಳಿದರೆ ಮುಂದಿನ ಕಾರು ಬರುವುದಿಲ್ಲವೆಂದು ತಿಳಿದವನು ಹೇಗೆ ಕೇಳಿಯಾನು?

ಹೆಸರು ಬರೆಯುವುದು ಬರೀ ಔದಾರ್ಯವೂ ಅಲ್ಲ. ಈ ವ್ಯವಹಾರದಲ್ಲಿ ಮೋಸಕ್ಕೇನೂ ಕೊರತೆಯಿಲ್ಲ. ಎಂಜಿನ್ ನಂಬರನ್ನು ಉಜ್ಜಿ ಬೇರೆ ಕೆತ್ತುವುದು, ಹೊಸ ಭಾಗಕ್ಕೆ ಮುದಿ ಬಣ್ಣ ಬಳಿದು ಹಳೆಯದೆಂದು ಮಾರುವುದು, ಎಲ್ಲವೂ ಇದೆ. ಇದಕ್ಕೆ ಮದ್ದು ದಾಖಲೆ. ಐತಿಹಾಸಿಕ ವಾಹನಗಳ ಜಾಗತಿಕ ಒಕ್ಕೂಟ ಫೀವಾ 2013ರಲ್ಲಿ ಅಂತಿಮಗೊಳಿಸಿದ ಟ್ಯೂರಿನ್ ಸನ್ನದು ಹೇಳುವುದೂ ಇದನ್ನೇ: ದುರಸ್ತಿಯ ಪ್ರತಿ ಹೆಜ್ಜೆಯನ್ನೂ ಬರೆದಿಡಿ, ಬದಲಾಯಿಸಿದ ಭಾಗವನ್ನು ಗುರುತಿಸುವಂತಿಡಿ. ಯಾವ ಭಾಗ ಬದಲಾಯಿತು ಎಂದು ಬರೆಯುವ ಲೇಖನಿ ಯಾರು ಬದಲಾಯಿಸಿದರು ಎಂದು ಬರೆಯಲು ಏಕೆ ಮುಷ್ಕರ ಹೂಡಬೇಕು? ಸಹಿ ಹಾಕಿದವನು ತನ್ನ ಕೆಲಸಕ್ಕೆ ಉತ್ತರದಾಯಿಯೂ ಆಗುತ್ತಾನೆ. ಹೆಸರಿಲ್ಲದ ಕಡೆಯಲ್ಲೇ ನಕಲಿ ಕೊಬ್ಬುವುದು.

ಆದ್ದರಿಂದ ಬೇಡಿಕೆ ತೀರಾ ಸರಳ. ಮರುಜೀವ ಪಡೆದ ಪ್ರತಿ ಕಾರಿನ ಜೊತೆಗೆ ಒಂದು ಪುಸ್ತಕವಿರಲಿ. ತಗಡು, ಬೇರಿಂಗ್, ಮರಗೆಲಸ, ಕುಶನ್, ಬಣ್ಣ, ವೈರಿಂಗ್ ಯಾರು ಮಾಡಿದರೆಂದು ಅದರಲ್ಲಿ ಬರೆದಿರಲಿ. ಪ್ರದರ್ಶನದ ಫಲಕದಲ್ಲಿ ಮಾಲೀಕರ ಕೆಳಗೆ ಮುಖ್ಯ ಮಿಸ್ತ್ರಿಯ ಹೆಸರಿರಲಿ. ಬಹುಮಾನ ಕೊಡುವಾಗ ಇಬ್ಬರನ್ನೂ ವೇದಿಕೆಗೆ ಕರೆಯಿರಿ. ಸರಕಾರ ಈ ಕಸುಬನ್ನೂ ತನ್ನ ಪಟ್ಟಿಗೆ ಸೇರಿಸಲಿ. ಜಮಾಅತ್‌ಗಳು ವಿದ್ಯಾರ್ಥಿಗಳಿಗೆ ಶಾಲು ಹೊದಿಸುವ ದಿನ ಒಬ್ಬ ಉಸ್ತಾದನಿಗೂ ಹೊದಿಸಲಿ. ಬೇರಿಂಗ್ ಸುರಿಯಬಲ್ಲವರಿಗೆ ವಯಸ್ಸಾಗುತ್ತಿದೆ, ಅವರ ಮಕ್ಕಳು ಮೊಬೈಲ್ ಅಂಗಡಿಗಳಲ್ಲಿ ಕುಳಿತಿದ್ದಾರೆ. ಲಂಡನ್ನಿನಿಂದ ಕಾರ್ಬುರೇಟರ್ ತರಿಸಬಹುದು, ಅಮೆರಿಕದಿಂದ ಟಯರ್ ತರಿಸಬಹುದು. ಈ ಕೈಗಳು ಹೋದರೆ ಅವುಗಳ ಬಿಡಿಭಾಗ ಯಾವ ಗುಜರಿಯಲ್ಲೂ ಸಿಗುವುದಿಲ್ಲ.