ಕಾಗದದೊಳಗಿನ ಕಲ್ಲು: ದುರ್ಗದ ಸುಣ್ಣಕಲ್ಲಿಗೆ ಆ ಯೋಗ್ಯತೆಯಿದೆಯೇ?

ಚಿತ್ರದುರ್ಗ ಜಿಲ್ಲೆಯ ನೆಲದಡಿಯಲ್ಲಿ ಖನಿಜಕ್ಕೆ ಕೊರತೆಯಿಲ್ಲ. ನೆಲದ ಮೇಲೆ ಉದ್ಯೋಗಕ್ಕೆ ಕೊರತೆಯಿದೆ. ಮದಕರಿಪುರದ ಸುತ್ತಿನಿಂದ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳವರೆಗೆ ಎಲ್ಲಿ ಹೋದರೂ ಒಂದು ಮಾತು ಸಹಜವಾಗಿಯೇ ಕೇಳಿಬರುತ್ತದೆ: ನಮ್ಮ ಕಲ್ಲು ಕಲ್ಲಾಗಿಯೇ ಲಾರಿ ಹತ್ತಿ ಹೋಗಬಾರದು, ಇಲ್ಲಿಯೇ ಸರಕಾಗಬೇಕು. ಸುಣ್ಣದ ಕಲ್ಲಿನ ಮಟ್ಟಿಗೆ ಈ ವಾದಕ್ಕೆ ಒಂದು ಆಕರ್ಷಕ ರೂಪವೂ ಉಂಟು. ಸಿಮೆಂಟಿಗೆ ಹೋಗುವ ಕಲ್ಲನ್ನು ನುಣ್ಣಗೆ ಅರೆದು ಕಾಗದದ ಕಾರ್ಖಾನೆಗಳಿಗೆ ಏಕೆ ಮಾರಬಾರದು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರವಿರುವುದು ಕಲ್ಲಿನ ಗುಣದಲ್ಲಿ. ಅದನ್ನು ಅಳೆಯದೆ ಕೈಹಾಕಿದರೆ ಜಿಲ್ಲೆಗೆ ದಕ್ಕುವುದು ಧೂಳು ಮಾತ್ರ.

ಕಾಗದವೆಂದರೆ ಬರಿಯ ಮರದ ತಿರುಳಲ್ಲ. ಪಠ್ಯಪುಸ್ತಕ, ನೋಟ್‌ಬುಕ್ಕುಗಳಿಗೆ ಬಳಸುವ ಕಾಗದದ ತೂಕದಲ್ಲಿ ಸಾಮಾನ್ಯವಾಗಿ ಶೇ. 15ರಿಂದ 25ರಷ್ಟು ಖನಿಜದ ಪುಡಿಯೇ ಇರುತ್ತದೆ. ನಾರುಗಳ ನಡುವಿನ ಸಂದುಗಳನ್ನು ಅದು ತುಂಬುತ್ತದೆ. ಹಾಳೆಗೆ ನುಣುಪು, ಬಿಳುಪು ನೀಡುತ್ತದೆ. ಹಿಂಬದಿಯ ಅಚ್ಚು ಮುಂಬದಿಗೆ ಕಾಣದಂತೆ ತಡೆಯುತ್ತದೆ. ತಿರುಳಿಗಿಂತ ಅಗ್ಗವಾದ್ದರಿಂದ ತಯಾರಿಕೆಯ ವೆಚ್ಚವೂ ಇಳಿಯುತ್ತದೆ, ಹಾಳೆ ಬೇಗ ಒಣಗುವುದರಿಂದ ಉರುವಲೂ ಉಳಿಯುತ್ತದೆ. ಅತಿಯಾದರೆ ಮಾತ್ರ ಹಾಳೆಯ ಬಲ ಕುಗ್ಗುತ್ತದೆ.

ನಮ್ಮ ದೇಶದ ಕಾರ್ಖಾನೆಗಳು ಈ ಕೆಲಸಕ್ಕೆ ಬಹುಕಾಲ ನಂಬಿದ್ದು ಬಳಪದ ಕಲ್ಲಿನ ಪುಡಿಯನ್ನು. ಹಿಂದೆ ಕರಿಬಟ್ಟೆಯ ಕಡತದ ಮೇಲೆ ಲೆಕ್ಕ ಬರೆಯುತ್ತಿದ್ದ ಅದೇ ಬಳಪ, ಗಿರಣಿಯ ಕಾಲದಲ್ಲಿ ಕಾಗದದ ಒಳಗೆ ಸೇರಿಕೊಂಡಿತು. ಸುಣ್ಣದ ಕಲ್ಲು ಹೊರಗುಳಿದುದಕ್ಕೆ ಕಾರಣ ಆಮ್ಲ. ಶಾಯಿ ಹರಡದಂತೆ ಕಾಗದಕ್ಕೆ ರಾಳ ಮತ್ತು ಪಟಿಕ ಸೇರಿಸುವ ವಿಧಾನವನ್ನು 1807ರಲ್ಲಿ ಜರ್ಮನಿಯ ಮೋರಿಟ್ಸ್ ಇಲ್ಲಿಗ್ ಪ್ರಕಟಿಸಿದ. ಪಟಿಕವು ತಿರುಳಿನ ನೀರನ್ನು ಆಮ್ಲೀಯವಾಗಿಸುತ್ತದೆ. ಆ ನೀರಿಗೆ ಸುಣ್ಣದ ಕಲ್ಲಿನ ಪುಡಿ ಬಿದ್ದರೆ ನೊರೆಯೆದ್ದು ಕರಗಿಹೋಗುತ್ತದೆ. ಪಟಿಕದ ಹಂಗಿಲ್ಲದ ಕೃತಕ ಅಂಟುಗಳು 1950ರ ದಶಕದಲ್ಲಿ ಬಂದ ಮೇಲಷ್ಟೇ ಸುಣ್ಣಕಲ್ಲಿಗೆ ಬಾಗಿಲು ತೆರೆಯಿತು. ಯುರೋಪು ಮೊದಲು ಬದಲಾಯಿತು, ಅಮೆರಿಕ ಹಿಂಬಾಲಿಸಿತು, ಭಾರತದ ಕಾರ್ಖಾನೆಗಳು ತಡವಾಗಿ ಆ ಹಾದಿ ಹಿಡಿದವು.

ಈ ಬದಲಾವಣೆಯ ಬೆಲೆ ಬರಿಯ ಹಣದ್ದಲ್ಲ. ಹಳೆಯ ದಾಖಲೆಗಳ ಹಾಳೆಗಳು ಹಳದಿಯಾಗಿ, ಮಡಿಸಿದರೆ ಮುರಿದುಬೀಳುವುದಕ್ಕೆ ಅವುಗಳೊಳಗೆ ಉಳಿದ ಆಮ್ಲವೇ ಮುಖ್ಯ ಕಾರಣ. ಸುಣ್ಣವು ಆ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಆದ್ದರಿಂದಲೇ 1994ರ ಐಎಸ್‌ಒ 9706 ಮಾನದಂಡವು ಶಾಶ್ವತ ಕಾಗದದಲ್ಲಿ ಕನಿಷ್ಠ ಶೇ. 2ರಷ್ಟು ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಕ್ಷಾರಾಂಶ ಇರಬೇಕೆಂದು ವಿಧಿಸಿತು.

ಇನ್ನು ಕಾಡಿನ ಲೆಕ್ಕ. ಒಂದು ಟನ್ ಬಿಳಿ ತಿರುಳಿಗೆ ಸುಮಾರು ಎರಡು ಟನ್ ಒಣಮರ ಬೇಕು. ಕಲ್ಲಿನ ಪುಡಿ ಆ ಜಾಗ ತುಂಬಿದಷ್ಟೂ ಮರ ಉಳಿಯುತ್ತದೆ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯ ನೆಡುತೋಪುಗಳ ಗುತ್ತಿಗೆಯನ್ನು 2020ರಲ್ಲಿ ಮುಂದುವರಿಸಲು ಹೊರಟಾಗ ಮಲೆನಾಡಿನಲ್ಲಿ ಅಕೇಶಿಯಾ ವಿರುದ್ಧ ಎದ್ದ ಕೂಗನ್ನು ಬಲ್ಲವರಿಗೆ ಈ ಲೆಕ್ಕದ ತೂಕ ತಿಳಿಯುತ್ತದೆ.

ಇಷ್ಟೆಲ್ಲ ಅನುಕೂಲಗಳಿದ್ದ ಮೇಲೆ ಹೊಸದುರ್ಗದ ಕಲ್ಲಿಗೆ ತೊಡಕೇನು? ಮೊದಲನೆಯದು ಶುದ್ಧತೆ. ಮಾರಿಕಣಿವೆಯ ಸುತ್ತಲಿನ ಶಿಲಾಸರಣಿಯನ್ನು ಭೂವಿಜ್ಞಾನಿಗಳು ವಾಣಿವಿಲಾಸ ಉಪಸಮೂಹವೆಂದು ಕರೆಯುತ್ತಾರೆ. ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಳೆಯದಾದ ಈ ಸರಣಿಯಲ್ಲಿ ಸುಣ್ಣಕಲ್ಲು ಒಂಟಿಯಾಗಿಲ್ಲ. ಡಾಲಮೈಟ್, ಬೆಣಚುಕಲ್ಲು, ಮ್ಯಾಂಗನೀಸ್, ಕಬ್ಬಿಣದ ಪದರಗಳು ಅದರ ನೆರೆಹೊರೆ. ಅಪ್ಪಟ ಕ್ಯಾಲ್ಸಿಯಂ ಕಾರ್ಬೊನೇಟಿನಲ್ಲಿ ಸುಣ್ಣದ ಆಕ್ಸೈಡು ಶೇ. 56. ಸಿಮೆಂಟಿಗೆ ಶೇ. 42ರಿಂದ 45ರಷ್ಟಿದ್ದರೂ ನಡೆಯುತ್ತದೆ. ಅಂದರೆ ಕಲ್ಲಿನಲ್ಲಿ ಕಾರ್ಬೊನೇಟು ನೂರಕ್ಕೆ 75ರಿಂದ 80 ಪಾಲಿದ್ದರೆ ಸಾಕು. ಕಾಗದಕ್ಕೆ ಬೇಕಾದುದು ನೂರಕ್ಕೆ 96ಕ್ಕೂ ಮಿಗಿಲು. ಜೊತೆಗೆ ಪುಡಿಯ ಬಿಳುಪಿನ ಅಳತೆ 90ರ ಆಸುಪಾಸು ಅಥವಾ ಮೇಲಿರಬೇಕು, ಕಣಗಳಲ್ಲಿ ಬಹುಪಾಲು ಎರಡು ಮೈಕ್ರಾನಿಗಿಂತ ಸಣ್ಣದಾಗಿರಬೇಕು. ಚಿಟಿಕೆ ಕಬ್ಬಿಣ ಅಥವಾ ಮ್ಯಾಂಗನೀಸ್ ಬಿಳುಪನ್ನು ಕೆಡಿಸುತ್ತದೆ. ಬೆಣಚಿನ ಗಡಸು ಕಣ ಯಂತ್ರದ ಬೆಲೆಬಾಳುವ ಜಾಲರಿಯನ್ನು ಸವೆಸುತ್ತದೆ. ರಾಜಸ್ತಾನದ ಅಮೃತಶಿಲೆಗೆ ಈ ಪೇಟೆಯಲ್ಲಿ ಮನ್ನಣೆಯಿರುವುದು ಅದರ ಸಹಜ ಬಿಳುಪಿನಿಂದ. ಒಂದೇ ಹೆಸರಿನ ಎರಡು ಕಲ್ಲುಗಳು ಒಂದೇ ಸರಕಲ್ಲ.

ಎರಡನೆಯದು ಮಾರುಕಟ್ಟೆ. ಹೊಳಲ್ಕೆರೆ, ಹೊಸದುರ್ಗಗಳಿಗೆ ನೂರು ಕಿಲೋಮೀಟರಿನೊಳಗೆ ಇರುವ ಭದ್ರಾವತಿಯ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ದಾಂಡೇಲಿ ಇನ್ನೂರೈವತ್ತು ಕಿಲೋಮೀಟರಿಗೂ ದೂರ. ಅಗ್ಗದ ಸರಕಿಗೆ ಸಾಗಣೆಯ ವೆಚ್ಚವೇ ಶತ್ರು. ಸಾಲದುದಕ್ಕೆ, ಸುಟ್ಟ ಸುಣ್ಣಕ್ಕೆ ತನ್ನದೇ ಚಿಮಣಿಯ ಇಂಗಾಲಾಮ್ಲವನ್ನು ಹಾಯಿಸಿ ಬೇಕಾದ ಆಕಾರದ ಪುಡಿಯನ್ನು ಕಾರ್ಖಾನೆಯಲ್ಲೇ ಪಡೆಯುವ ತಂತ್ರವೂ ಪ್ರಚಾರದಲ್ಲಿದೆ.

ಮೂರನೆಯದು ನೀರು ಮತ್ತು ಧೂಳು. ಎರಡು ಮೈಕ್ರಾನಿನ ನುಣುಪಿಗೆ ಕಲ್ಲನ್ನು ಸಾಮಾನ್ಯವಾಗಿ ನೀರಿನಲ್ಲಿಯೇ ಅರೆಯಬೇಕು. ಬೂದುಗಲ್ಲನ್ನು ತೊಳೆದು ಶುದ್ಧಗೊಳಿಸುವುದಾದರೆ ಇನ್ನಷ್ಟು ನೀರು. 2023-24ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾದ ಭದ್ರಾ ಮೇಲ್ದಂಡೆಗಾಗಿ ಬೀದಿಗಿಳಿದ ಜಿಲ್ಲೆ ಇದು. ಒಣದಾಗಿ ಅರೆದರೆ ಧೂಳು. ಬೆಣಚು ಬೆರೆತ ಕಲ್ಲಿನ ಧೂಳು ಶ್ವಾಸಕೋಶಕ್ಕೆ ತರುವ ಸಿಲಿಕೋಸಿಸ್ ಕಾನೂನಿನ ಅಧಿಸೂಚಿತ ರೋಗಗಳ ಪಟ್ಟಿಯಲ್ಲಿದೆ, ಒಮ್ಮೆ ಬಂದರೆ ವಾಸಿಯಾಗುವುದಿಲ್ಲ. ಅದಿರು ಲಾರಿಗಳ ಧೂಳು ಅಡಕೆ ತೋಟದ ಮೇಲೆ ಕೂರುವುದೆಂದರೇನೆಂದು ಭೀಮಸಮುದ್ರದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗೆಂದು ಕೈಕಟ್ಟಿ ಕೂರಬೇಕೆಂದಲ್ಲ. 2015ರ ಗಣಿ ಕಾಯ್ದೆ ತಿದ್ದುಪಡಿಯಂತೆ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಗಣಿ ಗುತ್ತಿಗೆದಾರರು ಹಣ ತುಂಬುತ್ತಿದ್ದಾರೆ. ಕ್ವಾರಿವಾರು ಮಾದರಿಗಳನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆ ಸಂಗ್ರಹಿಸಲಿ. ಸಹಾರನ್‌ಪುರದ ಕೇಂದ್ರ ತಿರುಳು ಮತ್ತು ಕಾಗದ ಸಂಶೋಧನಾ ಸಂಸ್ಥೆ ಅವುಗಳ ಬಿಳುಪು, ಬೆಣಚಿನಂಶ, ಸವೆತಗಳನ್ನು ಅಳೆಯಲಿ. ವರದಿ ಗ್ರಾಮ ಪಂಚಾಯಿತಿಯ ಫಲಕದ ಮೇಲೆ ಬರಲಿ. ಎಲ್ಲಿಯಾದರೂ ಬಿಳಿಯ ಪಟ್ಟೆಯೊಂದು ಸಿಕ್ಕರೆ ಅದನ್ನು ಸಿಮೆಂಟಿಗೆ ಸುರಿಯದೆ ಬೇರೆ ತೆಗೆದಿಡುವುದು ಜಾಣತನ.

ಸಿಗದಿದ್ದರೂ ದಾರಿಯಿದೆ. ಮಲೆನಾಡಿನ ಮತ್ತು ಕರಾವಳಿಯ ಮಣ್ಣು ಹುಳಿ. ಅದಕ್ಕೆ ಸುಣ್ಣದ ಪುಡಿ ಬೇಕು. ಅಲ್ಲಿ ಬಿಳುಪನ್ನು ಯಾರೂ ಕೇಳುವುದಿಲ್ಲ, ಡಾಲಮೈಟಿನ ಮೆಗ್ನೀಷಿಯಂ ದೋಷವಾಗದೆ ಗೊಬ್ಬರವಾಗುತ್ತದೆ. ಅರೆಯುವ ನುಣುಪೂ ಕಡಿಮೆ ಸಾಕು. ಮುಚ್ಚಿದ ಯಂತ್ರ, ಧೂಳು ಹೀರುವ ವ್ಯವಸ್ಥೆ, ಕಾರ್ಮಿಕರಿಗೆ ವರ್ಷಕ್ಕೊಮ್ಮೆ ಎದೆಯ ತಪಾಸಣೆ — ಇವಿಷ್ಟನ್ನು ಪರವಾನಗಿಯ ಷರತ್ತಾಗಿಸಿದರೆ ಈ ಕಸುಬು ಊರಿಗೆ ಹೊರೆಯಾಗದು.

ಮೌಲ್ಯವರ್ಧನೆಯ ಹೆಸರಿನಲ್ಲಿ ಜಮೀನು, ನೀರು, ಸಹಾಯಧನ ಕೇಳಿಕೊಂಡು ಬರುವವರನ್ನು ಜಿಲ್ಲೆಯ ಜನಪ್ರತಿನಿಧಿಗಳು ಮೊದಲು ಕೇಳಬೇಕಾದದ್ದು ಒಂದೇ: ಕಲ್ಲಿನ ಪರೀಕ್ಷಾ ವರದಿ ಎಲ್ಲಿದೆ? ವರದಿಯಿಲ್ಲದ ಯೋಜನೆಗೆ ಒಂದು ಗುಂಟೆ ನೆಲವನ್ನೂ ಕೊಡಬಾರದು.