ಒಂದು ಗಿಟಾರ್ ಸಾಕು

ಶಹಾಬಾದಿನಲ್ಲಿ ಪರ್ಸಿ ಕಲ್ಲಿನ ಪಾಲಿಶ್ ಕೆಲಸ ಮಾಡುವ ಅಬ್ಬಾ ಕೂಲಿಯಲ್ಲಿ ಉಳಿಸಿ ನನಗೊಂದು ಗಿಟಾರ್ ಕೊಡಿಸಿದರು. ಈಚೆಗೆ ವಾಡಿಯ ಗೆಳೆಯನ ಹೊಸ ಎಲೆಕ್ಟ್ರಿಕ್ ಗಿಟಾರ್ ನೋಡಿ ನನಗೂ ಇನ್ನೊಂದು ಬೇಕೆನಿಸಿತು. ಅಬ್ಬಾನನ್ನು ಕೇಳಲು ಬಾಯಿ ಬರಲಿಲ್ಲ. ಯೋಚಿಸಿದ ಮೇಲೆ, ಕೇಳದಿದ್ದುದೇ ಸರಿ ಎನಿಸಿತು.

ನಮ್ಮ ಜಿಲ್ಲೆಯ ಕಡಕೋಳ ಮಡಿವಾಳಪ್ಪ ಮತ್ತು ಅವರ ಶಿಷ್ಯ ಚನ್ನೂರ ಜಲಾಲಸಾಹೇಬರ ತತ್ವಪದಗಳನ್ನು ಇಂದಿಗೂ ಏಕತಾರಿ ಹಿಡಿದು ಹಾಡುತ್ತಾರೆ. ಅದಕ್ಕಿರುವುದು ಒಂದೇ ತಂತಿ, ನನ್ನ ಗಿಟಾರಿಗೆ ಆರು! ಅಮೆರಿಕದ ವಿಲ್ಲಿ ನೆಲ್ಸನ್ 1969ರಲ್ಲಿ ಕೊಂಡ 'ಟ್ರಿಗರ್' ಎಂಬ ಗಿಟಾರನ್ನು ಇನ್ನೂ ಬಿಟ್ಟಿಲ್ಲ. ನುಡಿಸಿ ನುಡಿಸಿ ಅದರ ಮೈಗೆ ತೂತೇ ಬಿದ್ದಿದೆ.

ನಿಜ, ವೇದಿಕೆಯಲ್ಲಿ ದುಡಿಯುವವರಿಗೆ ನಡುವೆ ತಂತಿ ಹರಿದರೆ ಎರಡನೆಯದು ಬೇಕಾಗುತ್ತದೆ. ಕಲಿಯುವ ನಮಗೆ ಒಂದು ಜೊತೆ ಹೆಚ್ಚಿನ ತಂತಿ, ಶ್ರುತಿ ಏರಿಸಲು ಒಂದು ಕೆಪೋ ಇದ್ದರೆ ಸಾಕು. ಎಫ್ ಕಾರ್ಡ್ ಬಾರದಿದ್ದಾಗ ನಾನು ಗಿಟಾರನ್ನೇ ಬೈಯುತ್ತಿದ್ದೆ. ಇನ್ನೊಂದಿದ್ದರೆ ಅದನ್ನು ಎತ್ತಿಕೊಳ್ಳುತ್ತಿದ್ದೆ. ಇಲ್ಲದ್ದರಿಂದ ಬೆರಳು ತಿದ್ದಿಕೊಂಡೆ.

ಗೆಳೆಯರೇ, ಸೇಡಂ, ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ ಹಾಡುವ ಆಸೆಯಿದ್ದೂ ಒಂದು ವಾದ್ಯವೂ ಇಲ್ಲದವರಿದ್ದಾರೆ. ನಿಮ್ಮ ಮನೆಯಲ್ಲಿ ಎರಡಿದ್ದರೆ ಒಂದನ್ನು ಅವರ ಕೈಗೆ ಕೊಡಿ. ಗೋಡೆಗೆ ತೂಗಿದ ಗಿಟಾರ್ ಯಾರಿಗೂ ಹಾಡು ಕಲಿಸದು.