ಕಳ್ಳತನಕ್ಕೂ ಒಂದು ನಕ್ಷೆ ಬೇಕು

ಬೋರ್‌ವೆಲ್ ಕೇಬಲ್ ಕೊಯ್ಕೊಂಡು ಹೋದ್ರೆ ನಾವು ಏನ್ಮಾಡ್ತೀವಿ? ಎರಡು ದಿನ ಬೈತೀವಿ, ಮೂರನೇ ದಿನ ಹೊಸದು ತಂದು ಹಾಕ್ತೀವಿ. ಸ್ಟೇಷನ್‌ಗೆ ಅಲೆಯೋ ಖರ್ಚಲ್ಲಿ ಇನ್ನೊಂದು ಕೇಬಲ್ ಬರುತ್ತೆ ಅಂತೀವಿ. ಆಮೇಲೆ ಗ್ರಾಮಸಭೆಯಲ್ಲಿ ಎದ್ದು ನಿಂತು ಲೈಟ್ ಹಾಕಿ, ಕ್ಯಾಮೆರಾ ಹಾಕಿ ಅಂತ ಕೂಗ್ತೀವಿ. ಎಷ್ಟು ಕಳ್ಳತನ ಆಗಿದೆ ಅಂದ್ರೆ ಕೈಯಲ್ಲಿ ಲೆಕ್ಕ ಇರಲ್ಲ.

ಕಾಗದದಲ್ಲಿ ಇಲ್ಲದ ಕಳ್ಳತನ ಸರ್ಕಾರದ ಪಾಲಿಗೆ ನಡೆದೇ ಇಲ್ಲ. ಎನ್‌ಸಿಆರ್‌ಬಿ ವರದಿಯಲ್ಲಿ ಬರೋದು ಠಾಣೆಯಲ್ಲಿ ದಾಖಲಾದ ಕೇಸು ಮಾತ್ರ. ಅದರಲ್ಲೂ ಜಿಲ್ಲೆ ಕಾಣುತ್ತೆ, ನಮ್ಮೂರು ಕಾಣಲ್ಲ. 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನಿನಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಸಾಮಾನ್ಯ ಕಳ್ಳತನ ಅಸಂಜ್ಞೇಯ ಅಪರಾಧದ ಪಟ್ಟಿಗೆ ಸೇರಿದೆ. ಅಂದ್ರೆ ಎಫ್‌ಐಆರ್ ಬದಲು ಎನ್‌ಸಿಆರ್. ಹೊಲದ ಕೇಬಲ್ ತುಂಡು ಅಲ್ಲೇ ಕಳೆದುಹೋಗುತ್ತೆ. ಮನೆ, ಗೋಡೌನ್ ಒಳಗಿಂದ ಕದ್ದರೆ ಮಾತ್ರ ಈ ಬೆಲೆ ಮಿತಿ ಇಲ್ಲ.

ಅದಕ್ಕೇ ಹೇಳೋದು, ಊರಿನ ಲೆಕ್ಕ ಊರೇ ಇಡಬೇಕು. ಗ್ರಾಮ ನಕ್ಷೆಯ ಒಂದು ಪ್ರತಿ ತಗೊಳ್ಳಿ. ಕಳ್ಳತನವಾದ ಜಾಗದಲ್ಲಿ ನಿಂತು ದಿಶಾಂಕ್ ಆ್ಯಪ್ ತೆಗೆದರೆ ಸರ್ವೆ ನಂಬರ್ ಬರುತ್ತೆ. ನಕ್ಷೆ ಮೇಲೆ ಆ ಜಾಗಕ್ಕೆ ಚುಕ್ಕೆ ಇಡಿ. ಪಕ್ಕದ ಪುಸ್ತಕದಲ್ಲಿ ತಾರೀಖು, ಹೊತ್ತು, ಏನು ಹೋಯ್ತು, ಎಲ್ಲಿಂದ ನುಗ್ಗಿದ್ರು, ದೂರಿನ ನಂಬರ್ ಬರೀರಿ. ಅಡಿಕೆ, ಕೊಬ್ಬರಿ, ಕೇಬಲ್, ಮನೆಗಳ್ಳತನ ನಾಲ್ಕಕ್ಕೂ ನಾಲ್ಕು ಬಣ್ಣ ಇರಲಿ.

ಒಂದು ವರ್ಷ ಇಟ್ಟರೆ ಚುಕ್ಕೆಗಳೇ ಮಾತಾಡ್ತವೆ. ರಸ್ತೆಗೆ ಅಂಟಿದ ಬೋರ್‌ಗಳಲ್ಲೇ ಕೇಬಲ್ ಹೋಗಿದ್ರೆ ಅಲ್ಲಿ ರಾತ್ರಿ ಬೀಟ್ ಕೇಳಿ. ಕತ್ತಲೆ ಬೀದಿಯಲ್ಲೇ ಬೀಗ ಮುರಿದಿದ್ರೆ ಆ ಕಂಬಕ್ಕೆ ಲೈಟ್ ಕೇಳಿ. ಬೀದಿದೀಪ ಪಂಚಾಯ್ತಿ ಕೆಲಸ. ಶಾಸಕರಿಗೂ ವರ್ಷಕ್ಕೆ 2 ಕೋಟಿ ಪ್ರದೇಶಾಭಿವೃದ್ಧಿ ನಿಧಿ ಇದೆ. ಬರೀ "ಕ್ಯಾಮೆರಾ ಕೊಡಿ" ಅಂದ್ರೆ ಅದು ಬಸ್‌ಸ್ಟ್ಯಾಂಡ್ ಸರ್ಕಲ್‌ನಲ್ಲಿ ಕೂರುತ್ತೆ, ಕಳ್ಳ ತೋಟದ ದಾರೀಲಿ ಹೋಗ್ತಾನೆ.

ಒಂದು ಎಚ್ಚರಿಕೆ. ನಕ್ಷೆಯಲ್ಲಿ ಜಾಗ ಇರಲಿ, ಅನುಮಾನ ಬೇಡ. ಇಂಥ ಕೇರಿಯವರು, ಕೂಲಿಗೆ ಬಂದೋರು ಅಂತ ಒಂದಕ್ಷರ ಬರೀಬಾರದು, ಊರು ಒಡೆದುಹೋಗುತ್ತೆ. ಯಾವ ಮನೆ ಖಾಲಿ ಇರುತ್ತೆ ಅನ್ನೋದೂ ಬೇಡ, ವಾಟ್ಸಾಪ್‌ಗೂ ಹಾಕಬೇಡಿ. ಅದು ಕಳ್ಳನಿಗೇ ದಾರಿ ತೋರಿಸಿದಂಗೆ.

ಸಣ್ಣ ಕಳ್ಳತನಕ್ಕೂ ದೂರು ಕೊಡಿ, ಎಫ್‌ಐಆರ್ ಆದ್ರೆ ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ತಗೊಳ್ಳಿ. ಕೇಬಲ್, ಸ್ಟಾರ್ಟರ್ ತಂದ ಬಿಲ್ಲು ಎತ್ತಿಡಿ, ಬೆಲೆ ಹೇಳೋಕೆ ಅದೇ ಆಧಾರ. ಮುಂದಿನ ಗ್ರಾಮಸಭೆಗೆ ನಕ್ಷೆ ಹಿಡ್ಕೊಂಡು ಹೋಗಿ, ಬೇಡಿಕೇನ ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಎದ್ದು ಬನ್ನಿ.